ಸೀಟಿನ ಕೆಳಗಿನ ಸ್ವಿಚ್ಚು

ಎಂಜಿನ್ನು ಕೆಮ್ಮಿದರೆ ಮೊದಲು ಪೆಟ್ರೋಲು ಮೂಸಬೇಕು.
ಚಳಿಗಾಲವಿಡೀ ಟ್ಯಾಂಕಿನಲ್ಲೇ ಕೂತದ್ದು
ಹಳೇ ವಾರ್ನಿಷ್ಷಿನ ವಾಸನೆ ಹೊಡೆಯುತ್ತದೆ.
ಕೀಲಿ ತಿರುವಿದಾಗ ಬರೀ ಟಿಕ್ ಅಂದರೆ ಬ್ಯಾಟರಿ;
ಟಿಕ್ ಕೂಡ ಅನ್ನದಿದ್ದರೆ
ಇಲಿಯೋ, ತುಕ್ಕೋ, ನಿನ್ನ ಹಣೆಬರಹವೋ.
ಹೀಗಂತ ಅಪ್ಪ ಕಲಿಸಿದ್ದ, ಈ ತಗಡಿನ ಶೆಡ್ಡಿನಲ್ಲೇ,
ಸಸ್ಕಾಚೆವಾನಿನ ಬಯಲುಗಾಳಿ
ದಿನವಿಡೀ ಬಾಗಿಲು ಬಡಿಯುತ್ತಿರುವಾಗ.

ನೆಸ್ಟರ್ ಡ್ರೆಬಿಟ್ ತಂದದ್ದು ಬೇರೆ ತಕರಾರು.
"ಶುರುವಾಗುತ್ತೆ ಡಾರ್ಕಾ, ಹತ್ತು ಮಾರು ಹೋಗುತ್ತೆ.
ಗುಂಡಿ ಬಂದರೆ ಸಾಯುತ್ತೆ."
ಈರುಳ್ಳಿ ಗುಮ್ಮಟದ ಚರ್ಚಿನ ಹಿಂದೆ
ಮೂರೆಕರೆ ಸ್ಮಶಾನ. ಮೂವತ್ತೊಂದು ಬೇಸಿಗೆಯಿಂದ
ಅಲ್ಲಿನ ಹುಲ್ಲು ಅವನ ಪಾಲು.
ಕೆಂಪು ಮಾಸಿ ಗುಲಾಬಿಯಾದ ಈ ಗಾಡಿಯ ಮೇಲೆ ಕೂತು
ಕಲ್ಲುಗಳ ನಡುವೆ ಅಂಗೈಯಗಲವೂ ಬಿಡದೆ ಕತ್ತರಿಸುತ್ತಾನೆ.

ಬಿಚ್ಚಿದೆ.
ಪ್ಲಗ್ಗಿನ ಮಸಿ ತಿಕ್ಕಿದೆ.
ಏರ್ ಫಿಲ್ಟರಿನಲ್ಲಿ ಇಲಿಯ ಬಾಣಂತನ:
ನೂಲು, ಗೋಧಿ ಹೊಟ್ಟು, ಪ್ರಾರ್ಥನೆಯ ಹಾಳೆಯ ಚೂರು,
ಅದರಲ್ಲಿ ಉಳಿದದ್ದು "ಕರುಣಿ" ಅನ್ನುವಷ್ಟು.
ಕಾರ್ಬ್ಯುರೇಟರಿನ ಸಣ್ಣ ತೂತಿಗೆ
ಗಿಟಾರಿನ ತಂತಿ ತೂರಿಸಿ ಊದಿದೆ.
ಬೆಲ್ಟು ಸಡಿಲ. ಬಿಗಿದೆ.
ಬ್ಲೇಡಿನ ಮೇಲೆ ಒಣಗಿ ಹಲಗೆಯಾದ ಹುಲ್ಲು ಕೆರೆದೆ.
ನಾನೇ ಹತ್ತಿ ಅಂಗಳ ಮೂರು ಸುತ್ತು ಹಾಕಿದೆ,
ಬೇಕೆಂದೇ ಗುಂಡಿಗೆ ಇಳಿಸಿದೆ.
ಎಮ್ಮೆಯ ಹಾಗೆ ಹೋಯಿತು, ಕ್ಯಾರೇ ಅನ್ನದೆ.

ಅವನು ಕೂತ. ಹತ್ತು ಮಾರು.
ಗುಂಡಿ.
ಸದ್ದಿಲ್ಲ.

ಮೂರು ದಿನ ಇದೇ ಕಥೆ. ಒಳಗೊಳಗೇ ಸಿಟ್ಟು,
ಇವನೇ ಏನೋ ತಪ್ಪು ತುಳಿಯುತ್ತಾನೆ ಅಂತ ಗುಮಾನಿ.
ನಾಲ್ಕನೆಯ ದಿನ ಹಿಂದೆ ನಿಂತು ನೋಡಿದೆ:
ಗಾಡಿ ಗುಂಡಿಗೆ ಇಳಿಯಿತು,
ಅವನು ಇಳಿಯಲಿಲ್ಲ.
ಒಂದು ಕ್ಷಣ ಬರೀ ಅಂಗಿ ಗಾಳಿಯಲ್ಲಿ.
ಸೊಂಟದ ಬೆಲ್ಟಿಗೆ ಮೊಳೆ ಹೊಡೆದು ಮಾಡಿಕೊಂಡ ತೂತು
ಹಳೆಯದಕ್ಕಿಂತ ನಾಲ್ಕು ಬೆರಳು ಒಳಗೆ.

ಸೀಟಿನ ಕೆಳಗೊಂದು ಸ್ವಿಚ್ಚಿರುತ್ತದೆ,
ಸವಾರ ಬಿದ್ದರೆ ಬ್ಲೇಡು ನಿಲ್ಲಲಿ ಅಂತ.
ಅದಕ್ಕೆ ಗೊತ್ತಿರುವುದು ಒಂದೇ ಪ್ರಶ್ನೆ:
ಮೇಲೆ ಯಾರಾದರೂ ಇದ್ದಾರಾ?
ಹೆಸರು ಕೇಳುವುದಿಲ್ಲ, ಯಾರ ಮಗ ಅಂತ ಕೇಳುವುದಿಲ್ಲ,
ತೂಕ ಕೇಳುತ್ತದೆ.
ನೆಸ್ಟರನ ಬಗ್ಗೆ ಅದು ಗುಂಡಿ ಗುಂಡಿಯಲ್ಲೂ
ಇಲ್ಲ ಅನ್ನುತ್ತಿತ್ತು.

ತಂತಿಯೊಂದನ್ನು ಸೇರಿಸಿ ಅದರ ಬಾಯಿ ಮುಚ್ಚಿಸಬಹುದು.
ಇಲ್ಲಿಗೆ ಬರುವ ಅರ್ಧ ಗಂಡಸರು ಅದನ್ನೇ ಬೇಡುತ್ತಾರೆ.
ಪೀಟ್ ಲುಟ್ಸಿವ್ ಕೂಡ ಬೇಡಿದ್ದ,
ಹತ್ತೂ ಬೆರಳಿದ್ದಾಗ.
ನಾನು ಸ್ಪ್ರಿಂಗು ಬದಲಿಸಿದೆ, ಗಟ್ಟಿಯದು ತೆಗೆದು
ಮಕ್ಕಳ ಮುರುಕು ಗಾಡಿಯೊಂದರ ಮೆದುವಾದದ್ದು ಕೂರಿಸಿದೆ.

"ಏನಾಗಿತ್ತು?"
"ಸ್ಪ್ರಿಂಗಿಗೆ ವಯಸ್ಸಾಗಿ ಬಿಗಿದುಕೊಂಡಿತ್ತು."
"ವಯಸ್ಸಾದರೆ ಸ್ಪ್ರಿಂಗು ಮೆತ್ತಗಾಗಬೇಕಲ್ಲ, ಡಾರ್ಕಾ?"
ಸ್ಪ್ಯಾನರು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

ಬಿಲ್ಲಿನಲ್ಲಿ ಬರೆದದ್ದು ಪ್ಲಗ್ಗು, ಫಿಲ್ಟರು.
ನೋಟುಗಳ ಜೊತೆಗೆ ಅವನು ಮೇಜಿನ ಮೇಲಿಟ್ಟ
ಐಸ್‌ಕ್ರೀಮಿನ ಹಳೇ ಡಬ್ಬಿ, ತುಂಬ ಪೆರೋಗಿ:
ಆಲೂಗಡ್ಡೆಯ ಹೂರಣ, ಮೇಲೆ ಹುರಿದ ಈರುಳ್ಳಿ.
ಚರ್ಚಿನ ಹೆಂಗಸರು ಕೊಟ್ಟದ್ದಂತೆ,
ಭಾನುವಾರದ್ದು. ಒಂದೂ ಮುಟ್ಟಿರಲಿಲ್ಲ.

ಬಿಸಿ ಮಾಡಿದೆ, ಎರಡು ಫೋರ್ಕು ಹುಡುಕಿದೆ.
ಅರ್ಧ ನಿನ್ನದು, ಇಲ್ಲೇ, ಈ ಸೀಟಿನ ಮೇಲೇ ಕೂತು ತಿನ್ನು,
ಇಲ್ಲದಿದ್ದರೆ ಕೀಲಿ ಕೊಡುವುದಿಲ್ಲ ಅಂದೆ.
ನಕ್ಕ. ಹತ್ತಿ ಕೂತ.

ಒಂದು ತಿಂದ. ಎರಡು.
ಮೂರನೆಯದರಲ್ಲಿ ನಿಂತುಬಿಟ್ಟ, ಏರಿನ ನಡುವೆ ನಿಂತಂತೆ.
ಚೋಕು ಎಳೆದು ಕಾಯುತ್ತೇವಲ್ಲ,
ಹಾಗೆ ಕಾದೆ, ಕಿಟಕಿಯ ಕಡೆ ನೋಡುತ್ತ.
ನಾಲ್ಕನೆಯದಕ್ಕೆ ಅವನ ಫೋರ್ಕು
ಡಬ್ಬಿಯ ಅಂಚಿಗೆ ತಾಗಿದ ಸದ್ದು.