ಜಪ್ತಿ ಮಾಲು

ಸಾಸವಡ ರಸ್ತೆಯ ಪಕ್ಕ, ತಗಡು ಬೇಲಿಯ ಬಯಲಲ್ಲಿ
ನಲವತ್ತೊಂದು ನಕ್ಷತ್ರ ಆಮೆ.
ಕೋರ್ಟಿನ ಕಾಗದದಲ್ಲಿ ಮಾತ್ರ, ಜಪ್ತಿ ಮಾಲು.
ಕೋಲಾರದ ಕುರುಚಲಿಂದ ಹಿಡಿದು
ಕಾಲುಚೀಲದಲ್ಲಿ ತುರುಕಿ ರೈಲು ಹತ್ತಿಸಿದ್ದರಂತೆ.

ಬೆಳಿಗ್ಗೆ ಪಾಪಾಸುಕಳ್ಳಿ ಹೆಚ್ಚಿ ಹಾಕುತ್ತ
ಅಫಜಲಪುರದ ನನ್ನ ಮಾತಲ್ಲೇ ಬೈಯುತ್ತೇನೆ:
‘ಸರಿಯವ್ವಾ, ಕಾಲ ಮ್ಯಾಲ ಏರಬ್ಯಾಡ.’
ಅವಕ್ಕೆ ಕಿವಿ ಕಾಣಿಸೋದಿಲ್ಲ, ಅಂತಾರೆ ಕರಂಬೇಳ್ಕರ್ ಡಾಕ್ಟ್ರು.
ಇರಲಿ, ನನಗೆ ಬಾಯಿದೆ.

ನಿನ್ನೆ ಮೋಡ ಕಟ್ಟಿ, ಹನಿಯಿಲ್ಲ.
ಹದಿನೇಳನೆಯದು ಮೂಲೆಗೆ ಹೋಗಿ
ತನ್ನುಚ್ಚೆಯಲ್ಲೇ ಗಟ್ಟಿನೆಲ ನೆನೆಸಿ,
ಹಿಂಗಾಲಲ್ಲಿ ತೋಡಿ ತೋಡಿ
ನಾಲ್ಕು ಮೊಟ್ಟೆ ಇಟ್ಟಿತು.
ಮುಚ್ಚಿ, ಹೊಟ್ಟೆಯಿಂದ ತಟ್ಟಿ ತಟ್ಟಿ ಸಮ ಮಾಡಿ
ಏನೂ ಆಗಿಲ್ಲವೆಂಬಂತೆ
ಕಳ್ಳಿ ತಿನ್ನಲು ಬಂತು.

ಸೋಮವಾರ ಎಣಿಸಲು ಬರುತ್ತಾನೆ ಫಾರೆಸ್ಟು ಗಾರ್ಡು.
ನಲವತ್ತೊಂದು, ಅನ್ನುತ್ತೇನೆ,
ಆ ಮೂಲೆ ನೋಡದೆ.