ಎರಡು ಸಲ ಒತ್ತು

ಅತ್-ಬಾಶಿಯ ಶಾಲೆ. ಫೆಬ್ರವರಿ.
ಕಿಟಕಿಯಾಚೆ ತಿಯಾನ್‌ಶಾನ್ ಬೆಳ್ಳಗೆ ಕೂತಿದೆ,
ಒಲೆಯಲ್ಲಿ ಕಲ್ಲಿದ್ದಲು ಗೊರಕೆ ಹೊಡೆಯುತ್ತಿದೆ.
ನಾವು ಹನ್ನೊಂದು ಮಂದಿ ಕೋಟು ಕಳಚದೆ
ಮಕ್ಕಳ ಬೆಂಚುಗಳಲ್ಲಿ,
ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ.

ನಾನು ಭೂಗೋಳ. ನನ್ನ ಪಕ್ಕ ಗಣಿತ:
ಬುರುಲ್ ಎಜೆ. ಮೂವತ್ತೆಂಟು ವರ್ಷದ ಸೀಮೆಸುಣ್ಣ
ಬೆರಳ ಗೆರೆಗಳಿಂದ ಇನ್ನೂ ತೊಳೆದುಹೋಗಿಲ್ಲ.
ಇಡೀ ಊರಿಗೆ ಅವಳು ಎಜೆ, ಅಂದರೆ ಅಕ್ಕ;
ಗಂಡನೂ ಹಾಗೇ ಕರೆಯುತ್ತಿದ್ದ,
ತಮಾಷೆಗೆ ಶುರುವಾಗಿ ರೂಢಿಯಾಗಿ.

ಕಲಿಸಲು ಬಂದವನು ಎರ್ಮೆಕ್.
ಇದೇ ಕೋಣೆಯಲ್ಲಿ ಅರ್ಧಕ್ಕೆ ಕಾಲು ಕೂಡಿಸಿ
ಆರರಲ್ಲಿ ಎರಡು ಎಂದವನು,
ಒಲೆಯ ಮಗ್ಗುಲಲ್ಲಿ ನಿಂತು ಸರಿಯುತ್ತರವನ್ನು
ಇಪ್ಪತ್ತು ಸಲ ಬರೆದವನು.
ಈಗ ಗಡ್ಡ. ಕೊರಳಲ್ಲಿ ಕಚೇರಿಯ ಗುರುತುಚೀಟಿ.
"ಇದು ಮೌಸ್, ಎಜೆ. ಇಲಿ."
"ಇಲಿ ಗೊತ್ತು ಮಗಾ. ಕಚ್ಚುತ್ತದೋ ಹೇಳು."
ಯಾರೂ ನಗಲಿಲ್ಲ.
ನಮಗೂ ಅದೇ ಸಂಶಯವಿತ್ತು.

ಬಾಣ ಎಲ್ಲೋ, ಅವಳ ಕಣ್ಣು ಎಲ್ಲೋ,
ಮಂಜಿನಲ್ಲಿ ಕುರಿ ಹುಡುಕುವವರಂತೆ
ಪರದೆ ತುಂಬ ಅಲೆದಳು.
ಎರಡು ಸಲ ಒತ್ತಬೇಕಾದಲ್ಲಿ ಒಮ್ಮೆ ಒತ್ತಿ ಕಾದಳು,
ಬಾಗಿಲು ತಟ್ಟಿ ಮರ್ಯಾದೆಗೆ ನಿಂತವರ ಹಾಗೆ.
ಆಗ ಎರ್ಮೆಕ್ ಹಿಂದಿನಿಂದ ಬಾಗಿ
ಅವಳ ಕೈಮೇಲೆ ಕೈಯಿಟ್ಟ,
ಅಕ್ಷರ ತಿದ್ದಿಸುವಂತೆ.
ಸ್ವಲ್ಪ ಹೊತ್ತು ಯಾವ ಕೈ ಯಾರದೆಂದು
ನನಗೂ ತಿಳಿಯಲಿಲ್ಲ.
ಅವನ ಅಂಗೈಗೆ ಸುಣ್ಣ ಅಂಟಿತು.

ಪಾಸ್‌ವರ್ಡ್ ಕೇಳಿತು ಯಂತ್ರ.
ಸತ್ತ ಗಂಡನ ಕುದುರೆಯ ಹೆಸರು ಕೊಟ್ಟಳು.
ಸಾಲದು ಎಂದಿತು. ಅಂಕಿ ಬೇಕಂತೆ, ಚಿಹ್ನೆ ಬೇಕಂತೆ.
ಕುದುರೆಯ ವಯಸ್ಸು ಸೇರಿಸಿ
ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.
'ಪ್ರಬಲ' ಎಂದು ಹಸಿರಾಯಿತು.
"ಇದ್ದಾಗ ಹಾಗೇನೂ ಇರಲಿಲ್ಲ," ಎಂದಳು,
"ಒಂದು ಕಣ್ಣು ಕುರುಡು."

ಏಪ್ರಿಲ್‌ನಲ್ಲಿ ಹಿಮ ಜಾರಿ ಸೇತುವೆ ಹೋಯಿತು.
ಆಚೆ ದಂಡೆಯ ಹದಿನಾಲ್ಕು ಮಕ್ಕಳು
ಹದಿನಾಲ್ಕು ಚೌಕಗಳಾದರು.
ಕೆಲವದರಲ್ಲಿ ಮುಖ, ಕೆಲವದರಲ್ಲಿ ಬರೀ ಹೆಸರು,
ಒಂದರಲ್ಲಿ ಮೇಕೆಯ ಕಿವಿ.
ಮೊದಲ ದಿನ ಅರ್ಧ ಗಂಟೆ
ಮೈಕು ಮುಚ್ಚಿಕೊಂಡೇ ಪಾಠ ಹೇಳಿದಳು;
ಮಕ್ಕಳು ತಲೆಯಾಡಿಸಿದರು.
ಎರಡನೆಯ ದಿನ
ಪರದೆ ಹಂಚಲು ಹೋಗಿ ತಪ್ಪು ಕಿಟಕಿ ಹಂಚಿದಳು.

ನಿವೃತ್ತಿಯ ಅರ್ಜಿ.
ಹೆಸರು ತುಂಬಿತ್ತು, ಹುಟ್ಟಿದ ದಿನ ತುಂಬಿತ್ತು.
'ಕಾರಣ' ಎಂಬಲ್ಲಿ ಅರ್ಧ ವಾಕ್ಯ:
ಈಗಿನ ಯಂತ್ರಗಳು ನನಗೆ
ಅದರಾಚೆ ಸಣ್ಣ ಕಡ್ಡಿಯೊಂದು ಮಿಣುಕುತ್ತಿತ್ತು.
ಅವಳಿಗೆ ಗೊತ್ತಿಲ್ಲ. ಅವಳ ಕಣ್ಣೆದುರು ಲೆಕ್ಕವೇ ಇದೆ.
"ನೋಡಿ, ಮೇಲಿನದು ಅಂಶ, ಕೆಳಗಿನದು ಛೇದ,
ಕಾಣ್ತಾ ಇದೆಯಲ್ಲ?"

ಚೌಕಗಳು ಅಲುಗಲಿಲ್ಲ. ಮೇಕೆಯ ಕಿವಿಯೂ.
ಮರುದಿನ ನನ್ನ ಸರದಿಯೆಂದು
ಹಿಂದಿನ ಬೆಂಚಿನವನಂತೆ ಫೋನಿನಲ್ಲಿ ನೋಡುತ್ತಿದ್ದ ನಾನು
ಹೇಳಬಹುದಿತ್ತು. ಹೇಳಲಿಲ್ಲ.
ನಾಜಿಕ್, ತರಗತಿಯಲ್ಲಿ ಹಾಜರಿಗೂ ಬಾಯಿ ಬಿಡದವಳು,
ಕೆಳಗೆ ಒಂದೊಂದೇ ಸಾಲು ಟೈಪಿಸಿದಳು:
ಎಜೆ, ಅದು ಬೇರೆ ಕಿಟಕಿ.
ಮುಚ್ಚಿ ಮತ್ತೆ ತೆಗೀರಿ.
ಅವಸರ ಇಲ್ಲ, ನಾವು ಕಾಯ್ತೀವಿ.

ಬುರುಲ್ ಎಜೆ ಓದಿದಳು. ಕನ್ನಡಕ ತೆಗೆದು
ಸೆರಗಿಲ್ಲದ ಕೋಟಿನ ತುದಿಯಲ್ಲಿ ಒರೆಸಿ
ಮತ್ತೆ ಓದಿದಳು.
"ಯಾರಾದರೂ ಏನಾದರೂ ನೋಡಿದಿರಾ?"
ಹದಿನಾಲ್ಕು ಮೈಕು ತೆರೆದವು:
ಇಲ್ಲ ಎಜೆ, ಇಲ್ಲ, ಎಜೆ ಇಲ್ಲ,
ಒಂದರ ಬೆನ್ನಿಗೊಂದು, ತಡವರಿಸಿ,
ನದಿ ದಾಟಿ ಬರುವ ಮಂದೆಯ ಹಾಗೆ.
ನಡುವೆ ನನ್ನದೂ ಒಂದು.

ಅರ್ಜಿ ಏನಾಯಿತೋ ಕೇಳಿಲ್ಲ.
ಜೂನ್‌ನಲ್ಲಿ ನನ್ನ ನಕಾಶೆ ಪರದೆಯ ಮೇಲೆ
ತಲೆಕೆಳಗಾಗಿ ಜಡವಾದಾಗ
ಪಕ್ಕದ ಕೋಣೆಯಿಂದ ಬಂದಳು,
ನನ್ನ ಕೈಮೇಲೆ ಕೈಯಿಟ್ಟಳು.
ಒರಟು ಕೈ, ತಣ್ಣಗಿತ್ತು.
"ಎರಡು ಸಲ ಒತ್ತು," ಎಂದಳು.
"ಮರ್ಯಾದೆ ಬೇಡ."