ಬಡಿಸಿದ್ದು ಯಾರು

ಚರಿತ್ರೆಯ ತರಗತಿ ನನ್ನ ಅಡುಗೆಮನೆಯ ಕಿಟಕಿಗೆ ಎದುರು.
ಬಂಗುಡೆ ಕೊಯ್ಯುತ್ತ ಕೂತರೆ ಪಾಠ ತಾನಾಗಿ ಒಳಗೆ ಬರುತ್ತದೆ,
ಬೆಕ್ಕಿನ ಹಾಗೆ, ಕರೆಯದೆ.

ಇವತ್ತು ಸ್ಕಾಟ್ಲೆಂಡ್. ಫಾದರ್ ಇಜಿದೋರರ ಗಂಟಲಲ್ಲಿ ಕಫ.
ಅಲ್ಲಿ ಬಲಿಪೂಜೆ ನಿಂತಿತು, ಎನ್ನುತ್ತಾರೆ, ಕಾನೂನು ಬಂತು,
ಮೂರನೆಯ ಸಲ ಸಿಕ್ಕಿಬಿದ್ದರೆ ತಲೆ.
ಪಾದ್ರಿಯಾಗುವ ಹುಡುಗರು ಹಡಗು ಹತ್ತಿದರು
ಪ್ಯಾರಿಸ್ಸಿಗೆ, ರೋಮಿಗೆ, ದುವೇ ಎಂಬಲ್ಲಿಗೆ,
ಆಮೇಲೆ ಸ್ಪೇನಿನ ಒಂದು ಊರಿಗೆ. ಅದರ ಹೆಸರು
ನನ್ನ ಬಾಯಲ್ಲಿ ವಲ್ಲದೊಳಿ.
ಓದು ಮುಗಿದ ಮೇಲೆ ತಿರುಗಿ ಹೋಗುತ್ತೇವೆ,
ಎಲ್ಲಿ ಹಿಡಿಯಲು ಕಾದಿದ್ದಾರೋ ಅಲ್ಲಿಗೇ,
ಎಂದು ಮೊದಲೇ ಆಣೆ.
ಬಂದವರ ಹೆಸರು, ವಯಸ್ಸು, ಹೋದ ತಾರೀಕು,
ಸತ್ತ ತಾರೀಕು ದಫ್ತರದಲ್ಲಿ ಉಂಟು.

ಉಂಟು, ಸರಿ. ಅವರಿಗೆ ಬಡಿಸಿದ್ದು ಯಾರು?

ಕೇಳಿದ್ದು ಸ್ವಲ್ಪ ಜೋರಾಯಿತು.
ತರಗತಿ ನಕ್ಕಿತು. ಫಾದರ್ ಕನ್ನಡಕ ತೆಗೆದು ಒರೆಸಿ
"ಲುದ್ವಿನಾ ಬಾಯಿ, ಅದನ್ನು ಬರೆದಿಟ್ಟಿಲ್ಲ" ಎಂದರು,
ತಪ್ಪು ತನ್ನದೇ ಎಂಬ ಹಾಗೆ.

ಆ ಮಕ್ಕಳ ಊರಲ್ಲಿ ಓಟ್ಸಿನ ಗಂಜಿಯಂತೆ.
ಇಲ್ಲಿ ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳುವ ಓಟ್ಸು,
ಅಲ್ಲಿ ಅದೇ ಅಮ್ಮನ ಕೈ.
ಸ್ಪೇನಿನಲ್ಲಿ ಎಣ್ಣೆ, ಬೆಳ್ಳುಳ್ಳಿ, ಬಿಸಿಲು.
ಮೊದಲ ರಾತ್ರಿ ಒಬ್ಬನಾದರೂ ತಟ್ಟೆ ದೂಡಿರಬೇಕು,
ಯಾವಳೋ ಅದನ್ನು ಎತ್ತಿಕೊಂಡಿರಬೇಕು.
ಅವಳ ಭಾಷೆ ಅವನಿಗೆ ಬಾರದು, ಅವನದು ಅವಳಿಗೆ;
ತಟ್ಟೆಯಲ್ಲಿ ಉಳಿದದ್ದನ್ನು ಅವಳು ಓದಬಲ್ಲಳು.

ಮೂರನೇ ಬೆಂಚಿನ ತಟ್ಟೆಯನ್ನು ನಾನು
ಜೂನಿನಿಂದ ಓದುತ್ತಿದ್ದೇನೆ.
ಜಾರ್ಖಂಡದ ಹುಡುಗ, ಅಮೃತ್ ಕೆರ್ಕೆಟ್ಟಾ.
ಕುಚ್ಚಲಕ್ಕಿ ಅವನಿಗೆ ಗೋಲಿಗುಂಡು,
ತೆಂಗಿನಕಾಯಿ ಹೊಟ್ಟೆ ಕೆಡಿಸುತ್ತದೆ.
ಒಮ್ಮೆ ಅಂಗೈಗೆ ಅಂಗೈ ತಟ್ಟಿ ತೋರಿಸಿದ, ರೊಟ್ಟಿ.
ಮಡುವಾ, ಎಂದ. ಕಾಲಾ, ಎಂದ.
ಫೋನಿನಲ್ಲಿ ಚಿತ್ರ ಹುಡುಕಿದ.
ರಾಗಿ.

ನಮ್ಮ ಮನೆಯ ಹೊಸ್ತಿಲು ಆ ಕಾಳು ದಾಟಿದ್ದಿಲ್ಲ.
ಅಜ್ಜಿಯ ಅಜ್ಜಿಯ ಅಮ್ಮ ಪಟ್ಟಣದ ಸೆರೆಗೆ ನಡೆದವಳು,
ಮಗುವನ್ನು ಬೆನ್ನಿಗೆ ಕಟ್ಟಿ ಘಟ್ಟ ಹತ್ತಿದವಳು.
ಹದಿನೈದು ವರ್ಷ ರಾಗಿ ತಿಂದು ಬಂದಳು, ಒಬ್ಬಳೇ.
ಇನ್ನು ಈ ಮನೆಯಲ್ಲಿ ಅದು ಬೇಡ, ಅಂದಳಂತೆ.
ನನ್ನ ಮಗುವಿಗೆ ರಾಗಿ ಮಣ್ಣಿ ಕೊಡಿ ಎಂದ ನರ್ಸಿನ ಮೇಲೆ
ಅಮ್ಮ ಹರಿಹಾಯ್ದಿದ್ದಳು.

ಶನಿವಾರ ಬಂದರಿಗೆ ಹೋದೆ,
ಹಾಸನದವನ ಅಂಗಡಿ. ಎರಡು ಕಿಲೋ, ಎಂದೆ,
ಕಳ್ಳಭಟ್ಟಿ ಕೇಳುವವಳ ಸ್ವರದಲ್ಲಿ.
ನಾದಿದೆ. ಬಿರಿಯಿತು. ತಟ್ಟಿದೆ. ಹರಿಯಿತು.
ಬಿಸಿನೀರು ಹಾಕು ಎಂದು ನನಗೆ ಯಾರು ಹೇಳಬೇಕಿತ್ತು,
ಗೊತ್ತಿದ್ದ ಒಬ್ಬಳು ಸತ್ತು ಇನ್ನೂರು ವರ್ಷ.

ಐದನೆಯದು ಸುಮಾರಾಗಿ ದುಂಡಗೆ ಬಂತು, ಅಂಚು ಕರಿಕಲು.
ಹುಡುಗ ಮುರಿದ, ಮೂಸಿದ, ಏನೂ ಹೇಳಲಿಲ್ಲ.
ಅರ್ಧ ನನ್ನ ಕಡೆ ಚಾಚಿದ.

ಬೇಳೆ ಉಕ್ಕುತ್ತಿದೆ ಎಂದು ಸುಳ್ಳು ಹೇಳಿ
ಒಳಗೆ ಬಂದೆ. ತುಂಡು ಕೈಯಲ್ಲೇ ಇತ್ತು,
ಇನ್ನೂ ಬಿಸಿ.